ನಾಲ್ಕು ಮೂಲೆಯ ಕಲೆ

"ಹತ್ತಿ ಬಿಡಿಸೋ ಮಂದಿ ಮಕ್ಕಳಿಗೆ ಇಂಗ್ಲಿಷ್ ಕ್ಲಾಜ್ ಹ್ಯಾಂಗ ಬಂದಾವು? ನೀವ ಹೇಳ್ರಿ ವಕೀಲಮ್ಮ."

ಯಾದಗಿರಿಯ ನವಪಲ್ಲವ ಪ್ರತಿಷ್ಠಾನದ ಕಾರ್ಯದರ್ಶಿ ರಾಮಲಿಂಗ ಹೀಗೆಂದು ನಕ್ಕ. ಈ ಮನುಷ್ಯನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ, ಓದುಗರು ಕ್ಷಮಿಸಬೇಕು. ಎದುರಿಗೆ ಹತ್ತಿ ಬಿಡಿಸುವವನ ಮಗಳೇ, ಮಾನಮ್ಮ, ಕೈಕಟ್ಟಿ ನಿಂತಿದ್ದಾಳೆ. ಅವಳ ಕಿವಿಗೆ ಬೀಳಲೆಂದೇ ಗಟ್ಟಿಯಾಗಿ ಹೇಳಿದ ಮಾತು ಅದು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಮೊದ್ಲ ಆ ಹುಡುಗಿಗೆ ಒಂದು ಕುರ್ಚಿ ಕೊಡ್ರಿ. ಆಮ್ಯಾಲೆ ಹೇಳ್ತೀನಿ."

ಕುರ್ಚಿ ಬರಲಿಲ್ಲ. ಹವಾನಿಯಂತ್ರಣದ ಆ ಕೋಣೆಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ. ನಾನೂ ಎದ್ದು ಮಾನಮ್ಮನ ಪಕ್ಕದಲ್ಲಿ ನಿಂತುಬಿಟ್ಟೆ.

ನಾನು ಮೌನೇಶ್ವರಿ, ಶಹಾಪುರದ ವಕೀಲೆ. ಕೋರ್ಟಿನ ಕೆಲಸಕ್ಕಿಂತ ಪತ್ತೆಯ ಕೆಲಸವೇ ಹೆಚ್ಚು ಮಾಡುತ್ತೇನೆಂದು ನನ್ನ ಮನೆಯವರ ದೂರು. ಈ ಸಲದ ಪತ್ತೆ ಇಷ್ಟೇ: ದೇವಾಪುರದಾಚೆ ಕರಿಗುಂಡ ಎಂಬ ಹಳ್ಳಿಯ ಶಾಲೆಯ ಹುಡುಗಿಯರು ಪ್ರತಿಷ್ಠಾನದ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ, ಇಂಗ್ಲಿಷ್ ಉಪವಾಕ್ಯಗಳ, ಅಂದರೆ ಕ್ಲಾಜುಗಳ, ಭಾಗಕ್ಕೆ, ಒಬ್ಬಳೂ ಬಿಡದಂತೆ ಪೂರ್ತಿ ಅಂಕ ತೆಗೆದಿದ್ದರು. ಅದೇ ಅವರ ಅಪರಾಧವಾಗಿತ್ತು.

ಅವರ ಇಂಗ್ಲಿಷ್ ಟೀಚರ್ ಸುಮಂಗಲಾ ಪ್ರಶ್ನೆಪತ್ರಿಕೆ ಕದ್ದು ಮಕ್ಕಳಿಗೆ ಹೇಳಿಕೊಟ್ಟಳೆಂದು ಆರೋಪ. ನಾಳೆ ಬೆಳಿಗ್ಗೆ ಸಮಿತಿ ಸೇರುತ್ತದೆ. ಫಲಿತಾಂಶ ರದ್ದು, ಪೊಲೀಸರಿಗೆ ದೂರು.

ಮಾನಮ್ಮ ಇಡೀ ಜಿಲ್ಲೆಗೆ ಮೊದಲು ಬಂದವಳು. ಫಲಿತಾಂಶ ಊರ್ಜಿತವಾಗಿ ನಿಂತರೆ ಯಾದಗಿರಿಯಲ್ಲಿ ಹಾಸ್ಟೆಲು, ಪಿಯುಸಿ ಸೈನ್ಸು, ಎಲ್ಲ ಖರ್ಚು ಪ್ರತಿಷ್ಠಾನದ್ದೇ. ಬಿದ್ದರೆ ಅಪ್ಪ ಅವ್ವನ ಜೊತೆ ಪುಣೆಗೆ ಹೋಗಿ ಕಟ್ಟಡಕ್ಕೆ ಮರಳು ಹೊರುವುದು. ಅವಳ ಅಣ್ಣ ಈಗಾಗಲೇ ಅಲ್ಲಿ ಹೊರುತ್ತಿದ್ದಾನೆ. ಅಪ್ಪ ಅವ್ವ ಬಸ್ಸು ಹತ್ತದೆ ಕಾಯುತ್ತಿರುವುದು ನಾಳೆಯ ತೀರ್ಮಾನಕ್ಕಾಗಿ.

"ರಾಮಲಿಂಗ, ನಾಲಿಗಿ ಬಿಗಿ ಹಿಡಿದು ಮಾತಾಡು!" ಎಂದು ನನ್ನ ಎಡಗಡೆಯಿಂದ ಗುಡುಗು ಬಂತು. "ಆ ಮಕ್ಕಳು ಕಷ್ಟಪಟ್ಟು ಕಲ್ತಾರ. ನಿನಗ ಸಹನ ಆಗವಲ್ದು, ಅಷ್ಟ."

ಹಣಮಂತ್ರಾಯ ಮಾಸ್ತರು. ಕರಿಗುಂಡ ಶಾಲೆಯ ನಿವೃತ್ತ ಹೆಡ್‌ಮಾಸ್ತರು, ಸುಮಂಗಲಾಗೆ ಇಂಗ್ಲಿಷ್ ಕಲಿಸಿದ ಗುರುಗಳು. ಈ ಪ್ರಕರಣವನ್ನು ನನ್ನ ಕಚೇರಿಗೆ ತಂದವರೂ ಅವರೇ. ತಮ್ಮ ಹಳೆಯ ಮಾರುತಿ ಕಾರಿನಲ್ಲಿ ನನ್ನನ್ನೂ ಹುಡುಗಿಯನ್ನೂ ಊರೂರು ಸುತ್ತಿಸುತ್ತಿರುವವರೂ ಅವರೇ. ಈ ವಯಸ್ಸಿನಲ್ಲಿ ಪರರ ಮಕ್ಕಳಿಗಾಗಿ ಇಷ್ಟು ಸಿಟ್ಟು ಮಾಡಿಕೊಳ್ಳುವ ಮನುಷ್ಯ ಸಿಕ್ಕುವುದು ಅಪರೂಪವೆಂದು ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ರಾಮಲಿಂಗ ಕುರ್ಚಿಗೆ ಒರಗಿದ.

"ಕಲ್ತಾರಂತ ನೀವು ಅಂತೀರಿ. ಪಾಠ ಮಾಡಿಸಿ ತಂದ ವಾಕ್ಯ ಬ್ಯಾಡ. ನಾ ಹೊಸಾದು ಒಂದು ಹೇಳ್ತೀನಿ. ಇಲ್ಲೇ ಬಿಡಿಸ್ಲಿ."

"ಹೇಳ್ರಿ," ಎಂದೆ.

ಅವನು ಚಾವಣಿ ನೋಡಿ ಯೋಚಿಸಿದ. ಆಮೇಲೆ ಹುಡುಗಿಯ ಮುಖ ನೋಡುತ್ತ ಒಂದೊಂದೇ ಪದ ಬಿಡಿಸಿ ಹೇಳಿದ.

"ಯುವರ್ ಫಾದರ್, ಹೂ ವರ್ಕ್ಸ್ ಇನ್ ಅವರ್ ಫೀಲ್ಡ್ಸ್, ಡಸ್ ನಾಟ್ ನೋ ದಟ್ ಯು ಹ್ಯಾವ್ ಕಮ್ ಹಿಯರ್."

ನಮ್ಮ ಹೊಲದಲ್ಲಿ ದುಡಿಯುವ ನಿನ್ನಪ್ಪನಿಗೆ ನೀನು ಇಲ್ಲಿಗೆ ಬಂದದ್ದು ಗೊತ್ತಿಲ್ಲ. ಹದಿನಾರರ ಹುಡುಗಿಗೆ ಪರೀಕ್ಷೆಯೆಂದು ಕೊಡುವ ವಾಕ್ಯವೇ ಇದು? ಮೇಜಿನ ಮೇಲಿದ್ದ ಗಾಜಿನ ಲೋಟ ಎತ್ತಿ ಅವನ ತಲೆಗೆ ಹಾಕಬೇಕೆನ್ನಿಸಿತು. ವಕೀಲಿ ಸನ್ನದು ನೆನಪಾಗಿ ಕೈ ಹಿಂದಕ್ಕೆ ತೆಗೆದೆ.

ಮಾನಮ್ಮ ಅತ್ತ ಇತ್ತ ನೋಡಿದಳು. "ಮೇಡಂ, ಜರಾ ನಡುವ ನಿಂದರ್ರಿ. ಟೀಚರ್ ನಮಗ ಹಿಂಗ ಕಲಿಸ್ಯಾರ."

ನಾನು ಕೋಣೆಯ ನಡುವೆ ಹೋಗಿ ನಿಂತೆ.

"ಮೇಡಂ ಅಂದ್ರ 'ಯುವರ್ ಫಾದರ್ ಡಸ್ ನಾಟ್ ನೋ.' ಇದು ಮುಖ್ಯ ವಾಕ್ಯ. ಯಾರ ಆಸರಿಲ್ದ ತಾನ ನಿಂದರ್ತದ. ಇನ್ನ 'ಹೂ ವರ್ಕ್ಸ್ ಇನ್ ಅವರ್ ಫೀಲ್ಡ್ಸ್', ಇದು ಒಂದ ನಿಂದರಂಗಿಲ್ರಿ, ಬೀಳ್ತದ. ಅದಕ್ಕ ಹೆಗಲು ಬೇಕು." ಅವಳು ನನ್ನ ಬಲಭುಜದ ಮೇಲೆ ಕೈಯಿಟ್ಟಳು. "ಯಾವ ಅಪ್ಪ ಅಂತ ಹೇಳಾಕ ಬಂದದ. ಸರ, ನೀವು 'ದಟ್ ಯು ಹ್ಯಾವ್ ಕಮ್ ಹಿಯರ್' ಆಗ್ರಿ. ಏನು ಗೊತ್ತಿಲ್ಲ ಅಂತ ಹೇಳಾಕ ಬಂದೀರಿ. ನೀವೂ ಹೆಗಲು ಹಿಡೀರಿ."

ಹಣಮಂತ್ರಾಯ ಮಾಸ್ತರು ಎದ್ದು ಬಂದು ನನ್ನ ಎಡಭುಜ ಹಿಡಿದರು. ಅವರ ಕೈ ನಡುಗುತ್ತಿತ್ತು. ಸಿಟ್ಟಿಗೆ ನಡುಗುತ್ತಿದೆ ಎಂದುಕೊಂಡೆ.

"ಮುಗೀತ್ರಿ," ಎಂದಳು ಮಾನಮ್ಮ. ರಾಮಲಿಂಗನ ಕಡೆ ತಿರುಗಿ ಸೇರಿಸಿದಳು: "ವಾಕ್ಯ ಸರಿ ಅದ್ರಿ ಸರ. ಆದ್ರ ಸುಳ್ಳದ. ನಮ್ಮಪ್ಪಗ ಗೊತ್ತದ. ಅವನ ನನ್ನ ಕಳಿಸ್ಯಾನ."

ರಾಮಲಿಂಗನ ಮುಖದಲ್ಲಿನ ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಬಾಗಿಲ ಬಳಿಯ ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದ. ನನಗೆ ಆ ಹುಡುಗಿಯನ್ನು ಅಲ್ಲೇ ಎತ್ತಿಕೊಂಡು ಕುಣಿಯಬೇಕೆನ್ನಿಸಿತು.

ಸೋತವರು ಸುಮ್ಮನಿರುವುದಿಲ್ಲ. ಅವನು ಮೇಜಿನ ಖಾನೆ ಎಳೆದು ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಹಾಳೆಗಳನ್ನು ನನ್ನ ಮುಂದೆ ಒಗೆದ.

"ಇದಕ್ಕೇನಂತೀರಿ? ಪ್ರಶ್ನೆಪತ್ರಿಕೆ ಝೆರಾಕ್ಸು. ಪರೀಕ್ಷಾ ಮುಗಿದ ಮರುದಿನ ನಿಮ್ಮ ಟೀಚರಮ್ಮನ ಕಪಾಟಿನ್ಯಾಗ ಸಿಕ್ಕದ. ಬೀಗ ಆಕೀದು, ಕೀಲಿ ಆಕೀದು. ಹುಡುಗಿ ಶಾಣ್ಯಾಳ, ಒಪ್ಪಿದೆ. ಪೇಪರ್ ನೋಡಿದ ಶಾಣ್ಯಾಳ."

ಈ ಪ್ರತಿಯ ಬಗ್ಗೆ ಕೇಳಿದ್ದೆ, ಕಂಡಿದ್ದು ಇಂದೇ. ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಹಾಳೆ. ಎರಡನೆಯದು ಸ್ವಚ್ಛವಾಗಿತ್ತು. ಮೊದಲನೆಯದರ ನಾಲ್ಕೂ ಮೂಲೆಯಲ್ಲಿ ಬೂದು ಬಣ್ಣದ ಕಲೆ.

"ಇದೇನ್ರಿ?"

"ಮಶೀನಿನ ಕೊಳಿ. ಹಳ್ಳಿ ಝೆರಾಕ್ಸ್ ಅಂದ್ರ ಹಂಗ."

ಮಶೀನಿನ ಗಾಜು ಕೊಳೆಯಾಗಿದ್ದರೆ ಎರಡನೆಯ ಹಾಳೆಗೂ ಬರಬೇಕಿತ್ತಲ್ಲ? ಕಲೆ ಇದ್ದದ್ದು ಗಾಜಿನ ಮೇಲಲ್ಲ, ಮೂಲಪ್ರತಿಯ ಮೇಲೆ. ಅದೂ ತಾನಾಗಿ ಬಿದ್ದದ್ದಲ್ಲ. ಯಾರೋ ಬೆರಳಿನಿಂದ ಒಂದೊಂದು ಮೂಲೆಗೂ ಏನನ್ನೋ ಸವರಿದ್ದರು. ಒಂದು ಕಲೆಯಲ್ಲಿ ಬೆರಳಿನ ಗೆರೆಗಳೂ ಕಾಣುತ್ತಿದ್ದವು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಪ್ರಶ್ನೆಗಳ ಭಾಗಗಳ ನಡುವೆ ಗೆರೆಯ ಬದಲು ಒಂದು ಸಣ್ಣ ಹೂಬಳ್ಳಿಯ ಚಿತ್ರ. ಅದರ ಕೊನೆಯ ಎಲೆ ಅರ್ಧಕ್ಕೆ ಮುರಿದಿತ್ತು.

"ಪೇಪರ್ ಎಲ್ಲಿ ಛಾಪಿಸೀರಿ?"

"ಅದು ಗುಪ್ತ. ನನಗೂ ಅಧ್ಯಕ್ಷರಿಗೂ ಬಿಟ್ರ ದೇವರಿಗೂ ಗೊತ್ತಿಲ್ಲ," ಎಂದ ರಾಮಲಿಂಗ. ತನ್ನ ಮಾತನ್ನು ತಾನೇ ಮೆಚ್ಚಿಕೊಂಡ.

ನಾನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಅವನು ಬೇಡವೆನ್ನುವಷ್ಟರಲ್ಲಿ ತೆಗೆದಾಗಿತ್ತು.

ಶಹಾಪುರದ ದಾರಿ ಹಿಡಿದ ಕಾರು ಭೀಮಾ ನದಿಯ ಸೇತುವೆ ದಾಟಿತು. ನನಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ಪಟ್ಟಣದ ಮಕ್ಕಳು ಪೂರ್ತಿ ಅಂಕ ತೆಗೆದರೆ ಪತ್ರಿಕೆಯಲ್ಲಿ ಫೋಟೊ, ಹಳ್ಳಿಯ ಮಕ್ಕಳು ತೆಗೆದರೆ ವಿಚಾರಣೆ. ಯಾರು ಮಾಡಿಟ್ಟ ನಿಯಮವಿದು?

ಮಾನಮ್ಮನಿಗೆ ಕಾರಿನಲ್ಲಿ ತಲೆಸುತ್ತು, ಹಾಗಾಗಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ನಾನು ಹಿಂದೆ. ಮಾಸ್ತರ ಕಾರಿನ ಏಸಿ ಸತ್ತು ಯಾವ ಕಾಲವಾಯಿತೋ. ಹುಡುಗಿ ಮುಂದಿನ ಗಾಜಿನ ಕೆಳಗೆ ಬಿದ್ದಿದ್ದ ಯಾವುದೋ ಕಾರ್ಡು ತೆಗೆದು ಗಾಳಿ ಬೀಸಿಕೊಳ್ಳತೊಡಗಿದಳು.

"ನೀ ಹೇಳಿದ್ದು ಬೇಷ್ ಆತು ನೋಡವ್ವ," ಎಂದೆ. "ಅಂವ ಸುಳ್ಳು ವಾಕ್ಯ ಕೊಟ್ಟಾನಂತ ಮುಖದ ಮ್ಯಾಲ ಹೇಳಿದಿ."

"ಪರೀಕ್ಷಾದಾಗ ಇದಕ್ಕಿಂತ ಸಸಾರ ಇದ್ವು ಮೇಡಂ." ಅವಳು ಗೆಲುವಾಗಿ ತಿರುಗಿದಳು. "ದರ್ಜಿ ವಾಕ್ಯ ಅಂತೂ ನೋಡಿದ ಕೂಡ್ಲೆ ಬಂತು. ಸೂಜಿ ಕಳಕೊಂಡ ದರ್ಜಿ, ಬೆಕ್ಕು ಕದ್ದದ ಅಂತಾನಲ್ರಿ, ಅದು. ಪರೀಕ್ಷಾದ ಮುಂಚಿನ ವಾರ ಟೀಚರ್ ಅದನ್ನ ಅಂಗಳದಾಗ ನಿಂದ್ರಿಸಿದ್ರು. ನಾನ ಬೆಕ್ಕು ಆಗಿದ್ದೆ."

ಬೆಕ್ಕಾಗಿ ನಿಂತ ಮಾನಮ್ಮನನ್ನು ನೆನೆದು ನನಗೆ ನಗು ಬಂತು. ಮಾಸ್ತರು ನಗಲಿಲ್ಲ. ಎದುರಿಗೆ ಬರುತ್ತಿದ್ದ ಟ್ರ್ಯಾಕ್ಟರಿಗೆ ದಾರಿ ಬಿಡುತ್ತಿದ್ದರು.

"ಅಯ್ಯ, ಕೈಗೆಲ್ಲ ಹತ್ತಿತು ನೋಡ್ರಿ," ಎಂದಳು ಮಾನಮ್ಮ.

ಅವಳ ಬೆರಳು ಹಳದಿಯಾಗಿತ್ತು. ಕೈಯಲ್ಲಿದ್ದದ್ದು ಮದುವೆಯ ಕರೆಯೋಲೆ, ಮಾಸ್ತರ ಮೊಮ್ಮಗಳದ್ದು. ನಾಲ್ಕೂ ಮೂಲೆಗೆ ಅರಿಶಿನ.

"ಇಲ್ಲಿ ಕೊಡು ಅದನ್ನ!"

ನಾನು ಕೂಗಿದ ರಭಸಕ್ಕೆ ಮಾಸ್ತರು ಬ್ರೇಕ್ ಒತ್ತಿದರು. ಕರೆಯೋಲೆ ಬಿಚ್ಚಿದೆ. ವಧುವರರ ಹೆಸರಿನ ಕೆಳಗೆ ಸಣ್ಣ ಹೂಬಳ್ಳಿ. ಅದರ ಕೊನೆಯ ಎಲೆ ಅರ್ಧಕ್ಕೆ ಮುರಿದಿತ್ತು. ಮೊಬೈಲಿನ ಫೋಟೊ ಪಕ್ಕಕ್ಕಿಟ್ಟು ನೋಡಿದೆ. ಅದೇ ಬಳ್ಳಿ, ಅದೇ ಎಲೆ.

ಶಹಾಪುರ ಬಂತು. ಮಲಗಿದ ಬುದ್ಧನ ಗುಡ್ಡ ನೋಡಲು ಮಾನಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ನನಗೆ ಗುಡ್ಡ ಕಾಣಲಿಲ್ಲ. ಬಸ್ ನಿಲ್ದಾಣದ ಎದುರಿನ ಅಂಬರೀನಳ ಝೆರಾಕ್ಸ್ ಅಂಗಡಿಗೆ ನುಗ್ಗಿ ಕರೆಯೋಲೆಯನ್ನು ಅವಳ ಮಶೀನಿನ ಮೇಲಿಟ್ಟೆ.

"ಮದುವಿ ಕಾರ್ಡು ಯಾರರ ಝೆರಾಕ್ಸ್ ಮಾಡಿಸ್ತಾರೇನ್ರಿ ಮೇಡಂ?" ಎಂದಳು ಅಂಬರೀನ. "ಖರ್ಚು ಉಳಿಸಾಕತ್ತೀರೇನು?"

ಹಾಳೆ ಬಿಸಿಬಿಸಿಯಾಗಿ ಹೊರಬಂತು. ನಾಲ್ಕು ಮೂಲೆಯಲ್ಲಿ ಬೂದು ಕಲೆ. ನಾನು ಅದನ್ನು ಮಾಸ್ತರ ಮುಂದೆ ಹಿಡಿದೆ.

"ಈ ಕಾರ್ಡು ಎಲ್ಲಿ ಛಾಪಿಸೀರಿ ಸರ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸುರಪುರದಾಗ. ಜಮಾಲಸಾಬನ ಪ್ರೆಸ್ಸು. ಯಾಕ?"

"ಪ್ರಶ್ನೆಪತ್ರಿಕಿ ಅಲ್ಲೇ ಛಾಪಿಸ್ಯಾರ. ಅಲ್ಲೇ ಸೋರ್ಯದ. ನಡೀರಿ."

"ಈಗೇನ? ಹುಡುಗಿ ಹಸಿದಾಳ. ನಾಳಿ ಸಮಿತಿ ಮುಂದ ಇವಳು ಇವತ್ತಿನಂಗ ಹೇಳಿದ್ರ ಸಾಕಲ್ಲ, ಪ್ರೆಸ್ಸಿಗೆ ಯಾಕ ಹೋಗಬೇಕು?"

"ಕಳ್ಳನ ಕೊರಳಪಟ್ಟಿ ಹಿಡಿದು ಸಮಿತಿ ಮುಂದ ನಿಂದ್ರಿಸಬೇಕು, ಅದಕ್ಕ," ಎಂದೆ. "ಇವರು ಈ ಮಕ್ಕಳಿಗೆ ಕ್ಷಮಾ ಕೇಳಬೇಕು. ಅಲ್ಲೀತನ ನಾ ಬಿಡಂಗಿಲ್ಲ."

ದಾರಿಯಲ್ಲಿ ಮಾನಮ್ಮನಿಗೆ ಮಿರ್ಚಿ ಭಜಿ, ಮಂಡಕ್ಕಿ ಕೊಡಿಸಿದೆ. ಮಾಸ್ತರು ನೀರು ಮಾತ್ರ ಕುಡಿದರು.

ಸುರಪುರದ ಗುಡ್ಡದ ಬುಡದ ಓಣಿಯಲ್ಲಿ ಕಾರು ನಿಂತಿತು. ಮಾಸ್ತರು ಇಳಿಯಲಿಲ್ಲ. ಮೊಣಕಾಲು ನೋವು, ನೀವು ಹೋಗಿ ಬನ್ನಿ ಎಂದರು. ಮಾನಮ್ಮನನ್ನು ಅವರ ಜೊತೆ ಬಿಟ್ಟು ನಾನೊಬ್ಬಳೇ ಮೆಟ್ಟಿಲು ಹತ್ತಿದೆ.

ಜಮಾಲಸಾಬರು ಎಪ್ಪತ್ತರ ಆಸುಪಾಸಿನ ಮನುಷ್ಯ. ಹೊರಗಿನ ಕೋಣೆಯಲ್ಲಿ ಮಗನ ಕಂಪ್ಯೂಟರು, ಬಣ್ಣದ ಮಶೀನು. ಒಳಗಿನ ಕೋಣೆಯಲ್ಲಿ ಅವರ ಸ್ವಂತ ರಾಜ್ಯ: ಸೀಸದ ಅಚ್ಚುಮೊಳೆಗಳ ಮರದ ಖಾನೆಗಳು, ಕಾಲಿನಿಂದ ತುಳಿಯುವ ಹಳೆಯ ಮುದ್ರಣ ಯಂತ್ರ. ನಾನು ಮೊಬೈಲಿನ ಫೋಟೊ ತೋರಿಸಿ ನೇರವಾಗಿ ಕೇಳಿದೆ.

"ಈ ಬಳ್ಳಿ ನಿಮ್ಮದೇನ್ರಿ ಚಾಚಾ?"

"ನಮ್ಮದ. ಎಲಿ ಮುರದು ಭಾಳ ದಿನ ಆತು. ಬದಲಿ ಸಿಗವಲ್ದು." ಅವರು ಫೋಟೊ ದೊಡ್ಡದು ಮಾಡಿ ನೋಡಿದರು. ಮುಖ ಬಿಳಚಿತು. "ಯಾ ಅಲ್ಲಾ! ಇದು ಪರೀಕ್ಷಾ ಪೇಪರಲ್ರೀ! ಇದ್ಯಾಂಗ ಹೊರಗ ಬಂತು?"

"ಅದನ್ನ ಕೇಳಾಕ ಬಂದೀನಿ."

"ಕಂಪ್ಯೂಟರದಾಗ ಹಾಕಿದ್ರ ಯಾರರ ಕದೀತಾರಂತ, ಮೊಳಿ ಜೋಡಿಸಿ ಹಳಿ ಮಶೀನಿನ್ಯಾಗ ಛಾಪಿಸ್ರಿ ಅಂತ ಆ ಯಾದಗಿರಿ ಸಾಹೇಬ ಹೇಳಿದ. ಇಲ್ಲೇ ಖುರ್ಚಿ ಹಾಕ್ಕೊಂಡು ಕುಂತಿದ್ದ. ಎಣಿಸಿ ಒಯ್ದಾನ. ಕೆಟ್ಟ ಹಾಳಿ ಸೈತ ಒಯ್ದಾನ. ಮೊಳಿ ಅವನ ಮುಂದ ಬಿಚ್ಚೀನಿ. ಒಂದ ಹಾಳಿ ಇಲ್ಲಿ ಉಳಿದಿಲ್ರಿ, ಖುದಾ ಕಸಮ್."

ನಾನು ಮೂಲೆಯ ಕಲೆಗಳನ್ನು ತೋರಿಸಿದೆ. "ಹಂಗಾದ್ರ ಇದೇನ್ರಿ?"

ಅವರು ಬಾಗಿ ನೋಡಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಗೋಡೆಯ ಕಡೆ ನೋಡಿದರು. ನಾನೂ ನೋಡಿದೆ. ಅಲ್ಲಿ ಒಂದು ಹಲಗೆ. ಹಲಗೆಯ ಮೇಲೆ ತಿಂಥಣಿಯ ಸಂತ ಮೌನಪ್ಪಯ್ಯನ ಫೋಟೊ, ಊದಿನಕಡ್ಡಿ, ಅರಿಶಿನದ ಬಟ್ಟಲು. ಆ ಮೌನಪ್ಪಯ್ಯನ ಹೆಸರನ್ನೇ ನನಗೆ ಇಟ್ಟದ್ದು ನಮ್ಮವ್ವ. ಫೋಟೊದ ಮುಂದೆ ಯಾರದೋ ಗೃಹಪ್ರವೇಶದ ಕಾರ್ಡು ಇತ್ತು, ಮೂಲೆಗಳಿಗೆ ಹಸಿ ಅರಿಶಿನ.

"ನಮ್ಮಪ್ಪನ ಭಾಗೀದಾರ ಮಾನಪ್ಪ ಇದ್ದ. ಅವನು ಹಾಕಿದ ಪದ್ಧತಿ," ಎಂದರು ಜಮಾಲಸಾಬರು. ಧ್ವನಿ ಇಳಿದುಹೋಗಿತ್ತು. "ಮಶೀನಿನಿಂದ ಬಿದ್ದ ಮೊದಲ್ನೇ ಹಾಳಿ ದೇವರಿಗೆ. ಮೂಲಿಗೆ ಅರಿಶಿಣ ಹಚ್ಚಿ ಇಡಾದು. ಮಾಲು ಹೋದಮ್ಯಾಲ ಹೊಳಿಗೆ ಬಿಡಾದು. ಅವ ಹೋದ, ನಾ ಬಿಟ್ಟಿಲ್ಲ. ಅದು ಕೈ ರೂಢಿ, ತಿಳೀತೇನ್ರಿ? ತಲಿ ಕೇಳಿ ಮಾಡಾ ಕೆಲಸಲ್ಲ."

"ಪ್ರಶ್ನೆಪತ್ರಿಕಿಗೂ ಹಚ್ಚಿದ್ರೇನು?"

"ಹಚ್ಚೀನಿ. ಎರಡೂ ಬದಿ ಛಾಪಿಸಿದ ಒಂದ ಹಾಳಿ ಅದು, ಮುಂದಿನ ಬದಿಗೆ ಅಷ್ಟ ಹಚ್ಚಿದ್ದೆ."

"ಅದನ್ನ ಸಾಹೇಬಗ ಕೊಡಲಿಲ್ಲ?"

ಅವರು ನನ್ನ ಪ್ರಶ್ನೆಯೇ ಅರ್ಥವಾಗದಂತೆ ನೋಡಿದರು. "ದೇವರ ಮುಂದ ಇಟ್ಟಿದ್ದು ಲೆಕ್ಕಕ್ಕ ಬರ್ತದೇನ್ರಿ? ಅದು ಅವನದಲ್ಲ. ನಂದೂ ಅಲ್ಲ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ರಾಮಲಿಂಗ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದಾನೆ, ಹರಿದ ಹಾಳೆಯನ್ನೂ ಬಿಡದೆ ಬಾಚಿಕೊಂಡಿದ್ದಾನೆ. ಅವನ ನೆತ್ತಿಯ ಮೇಲೆಯೇ ಒಂದು ಪ್ರತಿ ಊದಿನಕಡ್ಡಿಯ ಹೊಗೆ ಕುಡಿಯುತ್ತ ಕೂತಿದೆ. ದೇವರಿಗೂ ಗೊತ್ತಿಲ್ಲವಂತೆ!

"ಆ ಹಾಳಿ ಏನಾತು ಚಾಚಾ? ಹೊಳಿಗೆ ಬಿಟ್ರಿ?"

"ಬಿಡಾಕ ಸಿಗಲಿಲ್ಲ. ಶುಕ್ರವಾರ ನಮಾಜಿಗೆ ಹೋಗಿದ್ದೆ. ಬಂದು ನೋಡಿದ್ರ ಇಲ್ಲಿ ಖಾಲಿ. ಗಾಳಿಗೆ ಹಾರಿರಬೇಕು, ದೇವರ ತಗೊಂಡಾನ ಅಂತ ಸುಮ್ಮನಾದೆ."

"ನೀವು ನಮಾಜಿಗೆ ಹೋದಾಗ ಪ್ರೆಸ್ಸಿನ್ಯಾಗ ಯಾರಿದ್ರು?"

"ಹೊರಗಿನವ್ರು ಯಾರೂ ಇರಲಿಲ್ಲ. ಮೊಮ್ಮಗಳ ಮದುವಿ ಕಾರ್ಡು ಒಯ್ಯಾಕ ನಮ್ಮ ಹಣಮಂತ್ರಾಯ ಮಾಸ್ತರು ಬಂದಿದ್ರು. ಬರೂತನ ಅಂಗಡಿ ನೋಡ್ಕೋತ ಕುಂದರ್ರಿ ಅಂತ ಹೇಳಿ ಹೋಗಿದ್ದೆ." ಅವರು ಕಿಟಕಿಯತ್ತ ಕತ್ತು ಚಾಚಿದರು. "ಅಲಾ, ಅವ್ರ ಗಾಡಿ ಅಲ್ಲೇ ನಿಂತದಲ್ಲ! ಒಳಗ ಯಾಕ ಬರವಲ್ರು?"

ಮೆಟ್ಟಿಲು ಇಳಿದೆ. ಯಾದಗಿರಿಯಲ್ಲಿ ನನ್ನ ಭುಜದ ಮೇಲೆ ನಡುಗಿದ ಕೈ ನೆನಪಾಯಿತು. ಸಿಟ್ಟಿಗೆ ನಡುಗಿದ್ದಲ್ಲ ಅದು.

ಮಾಸ್ತರು ಸ್ಟೇರಿಂಗ್ ಹಿಡಿದೇ ಕೂತಿದ್ದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು. ಮಾನಮ್ಮ ಕೆಳಗಿಳಿದು ಬಾಗಿಲಿಗೆ ಒರಗಿ ಉಳಿದ ಮಂಡಕ್ಕಿ ತಿನ್ನುತ್ತಿದ್ದಳು. ಹುಡುಗಿಯನ್ನು ದೂರ ಕಳಿಸಿ ಮಾತಾಡಬೇಕಿತ್ತೇನೋ. ಆದರೆ ಅವಳ ಬದುಕಿನ ವಿಷಯವನ್ನು ಅವಳ ಬೆನ್ನ ಹಿಂದೆ ಮಾತಾಡಿದವರು ಈಗಾಗಲೇ ಬಹಳ ಮಂದಿ.

"ಯಾಕ ಸರ?"

ಅವರು ಸ್ಟೇರಿಂಗ್ ಬಿಟ್ಟು ಕನ್ನಡಕ ತೆಗೆದರು.

"ಯಾರಿಗೆ ಮಾರಿದ್ರಿ?"

"ಮಾರಿಲ್ಲವ್ವ!" ಅವರ ಕಣ್ಣಲ್ಲಿ ನೀರು ಬಂತು. "ಅಷ್ಟ ಕೆಳಗ ಇಳದಿಲ್ಲ. ಈ ಮಕ್ಕಳಿಗಂತ ತಂದೆ. ನಾ ಆ ಸಾಲ್ಯಾಗ ಎಷ್ಟು ವರ್ಷ ಕಲಿಸೀನಿ, ಒಬ್ಬರಿಗರ ಕ್ಲಾಜ್ ತಲಿಗೆ ಹೋಗಿತ್ತೇನು? ಸುಮಂಗಲಾ ಒಬ್ಬಾಕಿ ಬಿಟ್ರ ಯಾರಿಗೂ ಹೋಗಲಿಲ್ಲ. ಪಟ್ಟಣದ ಹುಡುಗರ ಮುಂದ ಇವರು ಹ್ಯಾಂಗ ನಿಂತಾರು? ಒಂದ ಸಲ, ಒಂದ ಸಲ ಗೆಲ್ಲಲಿ ಅಂತ..."

ಇವರು ಹೇಗೆ ನಿಂತಾರು. ರಾಮಲಿಂಗ ಕೇಳಿದ ಪ್ರಶ್ನೆಯೂ ಇದೇ ಅಲ್ಲವೆ? ಅವನು ನಗುತ್ತ ಕೇಳಿದ, ಇವರು ಅಳುತ್ತ ಕೇಳುತ್ತಿದ್ದಾರೆ. ಅವನ ಮಾತಿಗೆ ನನ್ನ ಮೈ ಉರಿದಿತ್ತು. ಇವರ ಮಾತಿಗೆ ಉರಿದದ್ದು ಇನ್ನೂ ಒಳಗೆ, ಏಕೆಂದರೆ ಇವರ ಪ್ರೀತಿ ಸುಳ್ಳಾಗಿರಲಿಲ್ಲ. ಬೆಳಿಗ್ಗೆ ನಾನು ಪಟ್ಟ ಹೆಮ್ಮೆಯನ್ನೆಲ್ಲ ಆ ಓಣಿಯ ಚರಂಡಿಗೆ ಉಗಿಯಬೇಕೆನ್ನಿಸಿತು.

ಮಾನಮ್ಮ ಮಂಡಕ್ಕಿಯ ಪೊಟ್ಟಣ ಕೆಳಗಿಟ್ಟಳು.

"ನಮಗ ಬರಂಗಿಲ್ಲ ಅಂತ ತಿಳ್ಕೊಂಡಿದ್ರೇನ್ರಿ ಸರ?"

ಅವಳು ಮಾಸ್ತರ ಕಿಟಕಿಯ ಬಳಿ ಬಂದಳು.

"ಮುಂಜಾನೆ ಅಲ್ಲಿ ನೀವ ನಮ್ಮ ಪರವಾಗಿ ಬೈದ್ರಿ. ಕಷ್ಟಪಟ್ಟು ಕಲ್ತಾರ ಅಂದ್ರಿ. ಹಂಗ ಸುಮ್ಮನ ಅಂದ್ರೇನ್ರಿ?"

"ಮುಂಜಾನೆ ನಿನ್ನ ಬಾಯಿಲೆ ಕೇಳಿದ ಮ್ಯಾಲ ನನಗ ಗೊತ್ತಾತವ್ವ," ಎಂದರು ಅವರು. "ಅಲ್ಲೀತನ ನಾ ನಂಬಿರಲಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ಅವರಿಗೂ ನನಗೂ ಸ್ವಲ್ಪ ಸುಲಭವಾಗುತ್ತಿತ್ತು.

ನಾನು ಕಿಟಕಿಯೊಳಗೆ ಬಾಗಿದೆ. "ಆ ಅರಿಶಿಣದ ಹಾಳಿ ಯಾರ ಕೈಗೆ ಕೊಟ್ರಿ? ಕಪಾಟಿನ್ಯಾಗ ನೀವ ಇಟ್ರೇನು?"

"ಇಲ್ಲ. ಕಪಾಟಿನ ಸುದ್ದಿ ನನಗ ಗೊತ್ತಿಲ್ಲ. ಝೆರಾಕ್ಸ್ ಸೈತ ನಾ ಮಾಡಿಸಿಲ್ಲ." ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಪರೀಕ್ಷಾದ ಮುಂಚಿನ ವಾರ ಸುಮಂಗಲಾನ ಮನಿಗೆ ಹೋಗಿ ಆಕೀ ಕೈಯಾಗ ಕೊಟ್ಟೆ. ಏನೂ ಅನಲಿಲ್ಲ. ತಗೊಂಡ್ಲು."

ಸುಮಂಗಲಾ ನನ್ನ ಕಚೇರಿಯಲ್ಲಿ ತನ್ನ ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದಳು, ಆ ಪೇಪರನ್ನು ಕಣ್ಣಿನಿಂದ ಕೂಡ ನೋಡಿಲ್ಲವೆಂದು. ಆ ಮಾತಿನ ಮೇಲೆಯೇ ನಾನು ಈ ಪ್ರಕರಣ ಹಿಡಿದದ್ದು. ಆ ಮಾತಿನ ಮೇ‌ಲೆಯೇ ನಾಳೆ ವಾದಿಸಬೇಕಿದ್ದದ್ದು.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಮೊಬೈಲು ಬಡಿದುಕೊಂಡಿತು. ಪರದೆಯ ಮೇಲೆ ಸುಮಂಗಲಾಳ ಹೆಸರು. ಬೆಳಿಗ್ಗೆಯಿಂದ ಮನೆಯಲ್ಲಿ ಕೂತು ಸುದ್ದಿಗಾಗಿ ಕಾಯುತ್ತಿದ್ದಳು, ಪಾಪ. ಪಾಪ ಎಂದು ಬರೆದೆ. ಅನ್ನಬೇಕೋ ಬೇಡವೋ ಆ ಗಳಿಗೆಯಲ್ಲಿ ನನಗೆ ತಿಳಿಯಲಿಲ್ಲ. ಬೆರಳು ಒತ್ತಿದೆ. ಧ್ವನಿ ಗಟ್ಟಿಯಾಗಿ ಹೊರಗೇ ಕೇಳಿತು.

"ಮೇಡಂ, ಏನರ ಸುಳಿವು ಸಿಕ್ತೇನ್ರಿ? ನಮ್ಮ ಮಾನಮ್ಮ ಹ್ಯಾಂಗ ಹೇಳಿದ್ಲು?"

ಮಾನಮ್ಮ ಬಂದು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡಳು. ಅರಿಶಿನ ಅವಳ ಬೆರಳಿನಿಂದ ಇನ್ನೂ ಹೋಗಿರಲಿಲ್ಲ.

"ಟೀಚರ್, ನಾ ಮಾನಮ್ಮ ಮಾತಾಡಾಕತ್ತೇನಿ. ದರ್ಜಿ ವಾಕ್ಯ ನಿಂದ್ರಿಸಿದ್ರಲ್ರಿ, ಪರೀಕ್ಷಾದ ಮುಂಚಿನ ವಾರ. ಪರೀಕ್ಷಾದಾಗ ಬಂದದ್ದೂ ಅದ. ಅದನ್ನ ಎಲ್ಲಿಂದ ತಂದಿದ್ರಿ?"

ಓಣಿಯ ಯಾವುದೋ ಮನೆಯಲ್ಲಿ ಮಿಕ್ಸರ್ ಓಡುತ್ತಿತ್ತು, ನಿಂತಿತು.

"ಟೀಚರ್?"

"ಫೋನು ವಕೀಲಮ್ಮಗ ಕೊಡವ್ವ ಮಾನಮ್ಮ."

ನಾನು ಕೈ ಚಾಚಿದೆ. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೊಡಂಗಿಲ್ರಿ," ಎಂದಳು. "ಪರೀಕ್ಷಾ ಬರೆದಾಕಿ ನಾನು. ಮೊದ್ಲ ನನಗ ಹೇಳ್ರಿ."